ಉರಿಮೂತ್ರ ಬರೀ ಉಷ್ಣವಲ್ಲ

ನಾವು ಕಳೆ ಕೀಳಲು ಹೊಲಕ್ಕೆ ಹೋಗುತ್ತೇವೆ. ಅಲ್ಲಿ ಮರೆ ಇರುವುದಿಲ್ಲ. ಗಂಡಸರು ಬದುವಿನ ಪಕ್ಕ ನಿಂತು ಮುಗಿಸಿಬಿಡುತ್ತಾರೆ. ನಾವು? ಕತ್ತಲಾಗಲಿ ಅಂತ ತಡೆದುಕೊಳ್ಳುತ್ತೇವೆ. ಒಂದಕ್ಕೆ ಬಂದೀತು ಅಂತ ನೀರನ್ನೇ ಕುಡಿಯುವುದಿಲ್ಲ. ಹೀಗೇ ಇದ್ದು ಒಂದು ದಿನ ಉರಿ ಶುರುವಾಗುತ್ತದೆ. “ಉಷ್ಣ ಆಗಿದೆ, ಎಳನೀರು ಕುಡಿ” ಅನ್ನುತ್ತಾರೆ ಮನೆಯವರು.

ಎಳನೀರು ಒಳ್ಳೆಯದೇ. ಆದರೆ ಅದು ರೋಗಾಣುವನ್ನು ಕೊಲ್ಲುವುದಿಲ್ಲ.

ನಮ್ಮ ಬೆನ್ನಿನ ಎರಡೂ ಕಡೆ, ಪಕ್ಕೆಲುಬಿನ ಹತ್ತಿರ, ಎರಡು ಮೂತ್ರಪಿಂಡಗಳಿವೆ. ಇವನ್ನೇ ಕಿಡ್ನಿ ಅನ್ನುವುದು. ಒಂದೊಂದೂ ಮುಷ್ಟಿಯಷ್ಟು ಇರುತ್ತದೆ. ಇವು ರಕ್ತವನ್ನು ಸೋಸುತ್ತವೆ. ಬೇಡದ್ದು ಮೂತ್ರವಾಗಿ ಕೆಳಗಿಳಿದು ಮೂತ್ರಚೀಲ ಸೇರುತ್ತದೆ.

ರೋಗಾಣು ಹತ್ತುವುದು ಮಾತ್ರ ಕೆಳಗಿನಿಂದ. ಹೆಚ್ಚಾಗಿ ಅದು ನಮ್ಮ ಕರುಳಿನಲ್ಲೇ ಇರುವಂಥದ್ದು. ಮಲದ ಜೊತೆ ಹೊರಗೆ ಬರುತ್ತದೆ. ಹೆಂಗಸರಲ್ಲಿ ಮಲದ ಜಾಗಕ್ಕೂ ಮೂತ್ರದ ಜಾಗಕ್ಕೂ ದೂರವಿಲ್ಲ. ಮೂತ್ರ ಹೊರಬರುವ ನಾಳವೂ ಗಿಡ್ಡ. ಸುಮಾರು 4 ಸೆಂಟಿಮೀಟರ್, ಅಂದರೆ ಎರಡು ಬೆರಳಗಲ. ಗಂಡಸರಲ್ಲಿ ಅದು ಸುಮಾರು 20 ಸೆಂಟಿಮೀಟರ್. ಅದಕ್ಕೇ ಈ ಕಾಯಿಲೆ ನಮಗೆ ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ತೊಳೆದುಕೊಳ್ಳುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಹೆಣ್ಣುಮಕ್ಕಳಿಗೂ ಹಾಗೇ ಕಲಿಸಬೇಕು.

ಮೂತ್ರ ಹರಿದರೆ ರೋಗಾಣು ತೊಳೆದುಹೋಗುತ್ತದೆ. ತಡೆದರೆ ಅಲ್ಲೇ ನಿಂತು ಬೆಳೆಯುತ್ತದೆ. ಆಮೇಲೆ ಮೇಲೆ ಹತ್ತಿ ಕಿಡ್ನಿ ಸೇರುತ್ತದೆ. ಕಲ್ಲು ಅಡ್ಡವಾಗಿ ಮೂತ್ರ ಕಟ್ಟಿಕೊಂಡರೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಬೇಗ.

ಬಸುರಿಯರ ವಿಷಯ ಬೇರೆಯೇ ಹೇಳಬೇಕು. ಬೆಳೆಯುವ ಗರ್ಭ ಮೂತ್ರದ ನಾಳವನ್ನು ಒತ್ತುತ್ತದೆ. ಕೆಲವರಿಗೆ ಉರಿ ಇರುವುದಿಲ್ಲ, ಸೋಂಕು ಇರುತ್ತದೆ. ಹಾಗೇ ಬಿಟ್ಟರೆ ಅದು ಕಿಡ್ನಿಗೆ ಹತ್ತಬಹುದು. ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು. ತಪಾಸಣೆಯಲ್ಲಿ ಮೂತ್ರ ಪರೀಕ್ಷೆ ಮಾಡುವುದು ಇದಕ್ಕೂ ಹೌದು. “ಸುಮ್ಮನೆ ಯಾಕೆ” ಅಂತ ಬಿಡಬಾರದು.

ಉರಿ ಇದ್ದಾಗಲೇ ತೋರಿಸಿದರೆ ಸಾಮಾನ್ಯವಾಗಿ ಕೆಲವು ದಿನದ ಮಾತ್ರೆಯಲ್ಲೇ ಗುಣವಾಗುತ್ತದೆ. ಚಳಿ ನಡುಗಿ ಜ್ವರ ಬಂದರೆ, ಪಕ್ಕೆ ಅಥವಾ ಬೆನ್ನು ನೋಯುತ್ತಿದ್ದರೆ, ವಾಂತಿಯಾದರೆ, ರೋಗ ಕಿಡ್ನಿಗೆ ಮುಟ್ಟಿರಬಹುದು. ಕೂಲಿ ಹೋದರೂ ಹೋಗಲಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ನಂಜು ರಕ್ತಕ್ಕೆ ಏರಿ ಜೀವಕ್ಕೇ ಕುತ್ತು. ಎರಡು ದಿನಕ್ಕೆ ಉರಿ ನಿಂತಿತು ಅಂತ ಮಾತ್ರೆ ಬಿಡಬಾರದು. ಕೊಟ್ಟಷ್ಟನ್ನೂ ನುಂಗಬೇಕು. ಉಳಿದ ಮಾತ್ರೆ ಪಕ್ಕದ ಮನೆಯವಳಿಗೆ ಕೊಡುವುದೂ ಬೇಡ.

ಡಾಕ್ಟರು ಗಂಡಸು, ಹೇಗೆ ಹೇಳಲಿ ಅಂತೀರಾ? ನರ್ಸಮ್ಮನಿಗೆ ಹೇಳಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ಆದೀತು. ಅವರೇ ಜೊತೆಗೆ ಬರುತ್ತಾರೆ.