ಮೊದಲ ಸಲ ಮೊಟ್ಟೆ ಕಾವಿಗಿಡುವಾಗ

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಅಂಗಡಿಯ ಫಾರಂ ಮೊಟ್ಟೆಗೆ ಹುಂಜದ ಸಂಗವಿರುವುದಿಲ್ಲ, ಅದರಿಂದ ಮರಿ ಹೊರಡದು. ಹುಂಜವಿರುವ ಮನೆಯ ಜವಾರಿ ಮೊಟ್ಟೆಯೇ ಆಗಬೇಕು, ಅದೂ ಇಟ್ಟು ವಾರ ಮೀರಿರಬಾರದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಸೆಕೆಯಲ್ಲಿ ಕೂಡಿಟ್ಟ ಮೊಟ್ಟೆ ಕಾವಿಗೆ ಮೊದಲೇ ಕೆಡುತ್ತದೆ. ಹೊಸಬರು ಮಳೆಗಾಲ ಕಳೆದ ಮೇಲೆ ತೊಡಗುವುದು ಜಾಣತನ.

ಕಾವಿಗೆ ಬಂದ ಹೇಂಟೆ ಸಿಕ್ಕರೆ ಕಾವುಕೊಡುವ ಯಂತ್ರದ ಗೊಡವೆಯೇ ಬೇಡ. ಹತ್ತು-ಹನ್ನೆರಡು ಮೊಟ್ಟೆಯನ್ನು ಅದೇ ಸಂಭಾಳಿಸುತ್ತದೆ. ಯಂತ್ರವೇ ಆದರೆ, ಫ್ಯಾನ್ ಇರುವುದರಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್ ನಿಲ್ಲಬೇಕು. ಮೊಟ್ಟೆ ಇಡುವ ಮುನ್ನ ಒಂದು ದಿನ ಖಾಲಿ ಓಡಿಸಿ ನೋಡುವುದು ಒಳ್ಳೆಯದು. ತೇವಾಂಶ ಮೊದಲ 18 ದಿನ ಶೇ. 50ರ ಆಸುಪಾಸು, ಆಮೇಲೆ ಶೇ. 65ರಿಂದ 70. ಬಯಲುಸೀಮೆಯ ಒಣಗಾಳಿಯಲ್ಲಿ ನೀರಿನ ತಟ್ಟೆ ಬೇಗ ಬತ್ತುತ್ತದೆ, ನಿತ್ಯ ನೋಡಬೇಕು. ಭ್ರೂಣ ಚಿಪ್ಪಿನೊಳಗಿನ ಪೊರೆಗೆ ಅಂಟದಿರಲು ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು; 18ನೇ ದಿನಕ್ಕೆ ಅದನ್ನು ನಿಲ್ಲಿಸಬೇಕು.

ಏಳನೇ ದಿನ ಕತ್ತಲಲ್ಲಿ ಬ್ಯಾಟರಿ ಹಿಡಿದರೆ ನವಿರಾದ ರಕ್ತನಾಳ ಕಾಣುತ್ತದೆ. ಏನೂ ಕಾಣದ್ದನ್ನು ತೆಗೆದುಬಿಡಬಹುದು. ಕರೆಂಟ್ ಹೋದರೆ ಮುಚ್ಚಳ ತೆರೆಯದೆ, ಗಾಳಿಕಿಂಡಿ ಬಿಟ್ಟು, ಕಂಬಳಿ ಹೊದಿಸಿದರೆ ಸಾಕು. ಸ್ವಲ್ಪ ಹೊತ್ತಿನ ತಂಪಿಗಿಂತ ಅತಿಶಾಖವೇ ಹೆಚ್ಚು ಅಪಾಯ.

ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು ಇಡೀ ದಿನ ಹಿಡಿಯಬಹುದು. ಅವಸರಪಟ್ಟು ಚಿಪ್ಪು ಬಿಡಿಸಿದರೆ ರಕ್ತ ಸೋರಿ ಸಾಯಬಹುದು. ಹೊಟ್ಟೆಯೊಳಗೆ ಉಳಿದ ಹಳದಿಭಾಗವೇ ಎರಡು-ಮೂರು ದಿನದ ಆಹಾರ. ಮೈ ಒಣಗಿದ ಮೇಲೆ ಬುಟ್ಟಿಗೆ ಇಳಿಸಿ, ಬಲ್ಬಿನ ಶಾಖ, ನೀರು, ನುಚ್ಚು ಕೊಡಬೇಕು.