ತಣಿಸುವ ನೀರಿನ ಶುದ್ಧಿ

ತೆಕ್ಕಲಕೋಟೆಯ ಸೀಮೆಯಲ್ಲಿ ಬೇಸಿಗೆಯ ಬಿಸಿಲು ಪ್ರಖರವಾದುದು. ಆ ದಿನಗಳಲ್ಲಿ ಮಣ್ಣಿನ ಕೊಡದ ನೀರು ತಂಪಾಗಿರುವುದನ್ನು ಎಲ್ಲರೂ ಬಲ್ಲರು. ಕೊಡದ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಆದರೆ ಕೆಲವು ದಿನ ತೊಳೆಯದೆ ಬಿಟ್ಟರೆ ಅದೇ ಕೊಡದ ಒಳಮೈ ಲೋಳೆಗಟ್ಟುತ್ತದೆ. ದೊಡ್ಡ ಕೈಗಾರಿಕೆಗಳು ನೀರನ್ನು ತಣಿಸುವುದು ಇದೇ ತತ್ತ್ವದಿಂದ. ಅವುಗಳನ್ನು ಕಾಡುವುದೂ ಇದೇ ಲೋಳೆ.

ಬಳ್ಳಾರಿ ಜಿಲ್ಲೆಯ ಕುಡತಿನಿಯ ಬಳಿ ಕರ್ನಾಟಕ ವಿದ್ಯುತ್ ನಿಗಮದ ಉಷ್ಣವಿದ್ಯುತ್ ಸ್ಥಾವರವಿದೆ. ಅದರ ಮೂರು ಘಟಕಗಳ ಒಟ್ಟು ಸಾಮರ್ಥ್ಯ 1,700 ಮೆಗಾವಾಟ್. ಇಂತಹ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದಿಂದ ಹುಟ್ಟಿದ ಉಗಿಯು ಟರ್ಬೈನನ್ನು ತಿರುಗಿಸುತ್ತದೆ. ಬಳಿಕ ಅದು ಸಾವಿರಾರು ಕೊಳವೆಗಳಿರುವ ಕಂಡೆನ್ಸರನ್ನು ಸೇರಿ, ಕೊಳವೆಗಳಲ್ಲಿ ಹರಿಯುವ ತಣ್ಣೀರಿಗೆ ಶಾಖವನ್ನು ಕೊಟ್ಟು ಮತ್ತೆ ನೀರಾಗುತ್ತದೆ. ಹೀಗೆ ಬಿಸಿಯೇರಿದ ತಣ್ಣೀರನ್ನು ತಂಪುಗೋಪುರದಲ್ಲಿ ತುಂತುರಾಗಿ ಸುರಿಸುತ್ತಾರೆ. ಗಾಳಿಯ ಸಂಪರ್ಕದಿಂದ ಅದರ ಅಲ್ಪಭಾಗ ಆವಿಯಾಗುತ್ತದೆ. ಉಳಿದುದು ತಣಿದು ಪುನಃ ಕೊಳವೆಗಳಿಗೆ ಮರಳುತ್ತದೆ.

ಬೆಚ್ಚಗಿನ ನೀರು, ಗಾಳಿ, ಬೆಳಕು, ಧೂಳಿನೊಡನೆ ಬರುವ ಆಹಾರ: ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಹಿತವಾದ ನೆಲೆ ಬೇರೊಂದಿಲ್ಲ. ಬಿಸಿಲು ಬೀಳುವೆಡೆ ಪಾಚಿ ಬೆಳೆಯುತ್ತದೆ. ಬ್ಯಾಕ್ಟೀರಿಯಗಳು ಕೊಳವೆಯ ಒಳಮೈಗೆ ಅಂಟಿ ಲೋಳೆಯ ಪದರವನ್ನು ಕಟ್ಟುತ್ತವೆ. ಈ ತೆಳುಪದರವು ಶಾಖದ ಹರಿವಿಗೆ ಅಡ್ಡಿಯಾಗುವುದರಿಂದ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲನ್ನು ಸುಡಬೇಕಾಗುತ್ತದೆ. ಲೋಳೆಯ ಅಡಿಯಲ್ಲಿ ಆಮ್ಲಜನಕವಿಲ್ಲದೆ ಬದುಕುವ ಕೆಲವು ಜೀವಿಗಳು ಲೋಹವನ್ನೇ ಸವೆಸುತ್ತವೆ.

ಅಪಾಯವು ಯಂತ್ರಗಳಿಗೆ ಮಾತ್ರ ಸೀಮಿತವಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆಯಿತು. ಅದರ ಬೆನ್ನಿಗೇ ವಿಚಿತ್ರ ಶ್ವಾಸಕೋಶದ ಜ್ವರ ಹಬ್ಬಿ ಸುಮಾರು 30 ಮಂದಿ ಪ್ರಾಣ ಕಳೆದುಕೊಂಡರು. 1977ರಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಎಂಬ ವಿಜ್ಞಾನಿಗಳು ಅದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅದಕ್ಕೆ ಲೀಜಿಯೊನೆಲ್ಲ ಎಂದು ಹೆಸರಾಯಿತು. ಬೆಚ್ಚನೆಯ ನೀರಿನಲ್ಲಿ ಬೆಳೆಯುವ ಇದು ತಂಪುಗೋಪುರದಿಂದ ಹಾರುವ ಹನಿಗಳೊಡನೆ ಮನುಷ್ಯನ ಉಸಿರನ್ನು ಸೇರಬಲ್ಲುದು.

ಇದನ್ನು ತಡೆಯಲು ನೀರಿಗೆ ಕ್ಲೋರಿನ್ ಬೆರೆಸುವುದು ರೂಢಿ. ಆದರೆ ಕ್ಷಾರಗುಣ ಹೆಚ್ಚಿದ ನೀರಿನಲ್ಲಿ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಅಲ್ಲಿ ಬ್ರೋಮಿನ್ ಹೆಚ್ಚು ಉಪಯುಕ್ತ. ಲೋಳೆಯ ಮರೆಯಲ್ಲಿರುವ ಜೀವಿಗಳಿಗೆ ಔಷಧ ಸುಲಭವಾಗಿ ತಾಗದು. ಆದುದರಿಂದ ಲೋಳೆಯನ್ನು ಸಡಿಲಿಸುವ ದ್ರವ್ಯಗಳನ್ನೂ ಬಳಸುತ್ತಾರೆ. ಔಷಧ ಮಿತಿಮೀರಿದರೆ ಲೋಹ ಸವೆಯುತ್ತದೆ. ಹೊರಬಿಟ್ಟ ನೀರು ಮೀನುಗಳಿಗೆ ವಿಷವಾಗುತ್ತದೆ. ಆವಿಯಾಗಿ ಉಳಿದ ನೀರಿನಲ್ಲಿ ಲವಣ ಹೆಚ್ಚುವುದರಿಂದ ಸ್ವಲ್ಪಭಾಗವನ್ನು ಹೊರಹಾಕಿ ಹೊಸ ನೀರನ್ನು ಸೇರಿಸಬೇಕು. ನೀರು ಎಲ್ಲಿಯೂ ನಿಂತು ಮಲೆಯಬಾರದು. ಹನಿಗಳು ಹೊರಗೆ ಹಾರದಂತೆ ತಡೆಹಲಗೆಗಳಿರಬೇಕು. ಗೊತ್ತಾದ ಅವಧಿಗೆ ತೊಟ್ಟಿಯನ್ನು ಬರಿದುಮಾಡಿ ಕೆಸರನ್ನು ತೆಗೆದು ಉಜ್ಜಬೇಕು, ನೀರನ್ನು ಪರೀಕ್ಷಿಸುತ್ತಿರಬೇಕು.

ಸೂಕ್ಷ್ಮಜೀವಿಗಳನ್ನು ಒಮ್ಮೆ ಗೆದ್ದು ಸುಮ್ಮನಾಗುವಂತಿಲ್ಲ. ಮನೆಯ ಕೊಡಕ್ಕಾಗಲಿ ಸ್ಥಾವರದ ಗೋಪುರಕ್ಕಾಗಲಿ ತಪ್ಪದೆ ನಡೆಯುವ ಶುಚಿಕಾರ್ಯವೇ ನಿಜವಾದ ಕಾವಲು.

ಪ್ರಶ್ನೆಗಳು
1. ಮಣ್ಣಿನ ಕೊಡಕ್ಕೂ ತಂಪುಗೋಪುರಕ್ಕೂ ಇರುವ ಹೋಲಿಕೆಯೇನು?
2. ಲೋಳೆಯಿಂದ ಕಲ್ಲಿದ್ದಲಿನ ಖರ್ಚು ಹೆಚ್ಚುವುದೇಕೆ?
3. ಕ್ಲೋರಿನ್ನನ್ನು ಮಿತವಾಗಿ ಬಳಸಬೇಕೆನ್ನಲು ಕಾರಣಗಳನ್ನು ತಿಳಿಸಿ.