ಸಂದರ್ಶನದ ಟಿಪ್ಪಣಿಗಳನ್ನು ಕೈಯಲ್ಲೇ ವಿಂಗಡಿಸುವುದು ಹೇಗೆ?

ಜನರ ಮಾತುಗಳನ್ನು ಆಧರಿಸಿದ ಸಂಶೋಧನೆಯಲ್ಲಿ ಅಂಕಿಗಳಿಗಿಂತ ಕಾಗದಗಳೇ ಹೆಚ್ಚು. ಕೋಲ್ಕತ್ತದಲ್ಲಿ 1873ರಲ್ಲಿ ಮೊದಲು ಓಡಿದ ಟ್ರಾಂ ಬಗ್ಗೆ ಇಂದಿನ ಇಪ್ಪತ್ತು ಪ್ರಯಾಣಿಕರನ್ನು ಮಾತಾಡಿಸಿ ಬರೆದುಕೊಂಡರೆ ನೂರಾರು ಪುಟಗಳಾಗುತ್ತವೆ. ಇವನ್ನು ಸಾಫ್ಟ್‌ವೇರ್ ಇಲ್ಲದೆಯೂ ವಿಂಗಡಿಸಬಹುದು. ಕತ್ತರಿ, ಗೋಂದು, ರಟ್ಟಿನ ಕಾರ್ಡು, ಲಕೋಟೆ, ಒಂದು ರಿಜಿಸ್ಟರು ಇದ್ದರೆ ಸಾಕು. ಕಾಗದ ಕೊಳ್ಳಲು ಕೋಲ್ಕತ್ತದಲ್ಲೇ ಸಿಯಾಲ್ದಾ ಬಳಿ ಬೈಠಕ್‌ಖಾನಾ ಪೇಟೆಯಿದೆ.

ಕತ್ತರಿ ಹಿಡಿಯುವ ಮುನ್ನ ಪ್ರತಿ ಪುಟಕ್ಕೂ ಗುರುತು ಬೀಳಬೇಕು. ಏಳನೆಯ ಸಂದರ್ಶನದ ಹನ್ನೆರಡನೆಯ ಪುಟದ ನಾಲ್ಕನೆಯ ಸಾಲು ಎಂದರೆ 7-12-4. ಮಾತಾಡಿದವರ ಹೆಸರು ಚೀಟಿಯ ಮೇಲೆ ಬೇಡ. ಹೆಸರಿನ ಪಟ್ಟಿ ಬೇರೆಡೆ ಬೀಗದೊಳಗಿರಲಿ. ಕತ್ತರಿಸಲು ಜೆರಾಕ್ಸ್ ಪ್ರತಿಯನ್ನೇ ಬಳಸಬೇಕು, ಮೂಲವನ್ನು ಬೇರೆ ಕಟ್ಟಡದಲ್ಲಿಡಬೇಕು. ಈ ಎಚ್ಚರ ಅತಿಯೆನಿಸಿದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರಿಗಾದದ್ದನ್ನು ನೆನೆಯಬಹುದು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಪರಿಷ್ಕೃತ ಟಿಪ್ಪಣಿಗಳಿಗೆ ಮೂರು ಪ್ರತಿಗಳಿದ್ದವು. ಮೂರೂ ಸ್ಟ್ಯಾನ್‌ಫರ್ಡ್‌ನ ಒಂದೇ ಕೋಣೆಯಲ್ಲಿದ್ದು, 1970ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕವು. ದೆಹಲಿಯಲ್ಲಿದ್ದ ಮೂಲ ಟಿಪ್ಪಣಿಗಳು ಉಳಿದವು, ವರ್ಷಗಟ್ಟಲೆ ವಿಂಗಡಿಸಿದ ಶ್ರಮ ಹೋಯಿತು.

ಎಲ್ಲ ಪುಟಗಳನ್ನೂ ಎರಡು ಬಾರಿ ಓದಿದ ಮೇಲೆ, ಮಾತಿನ ವಿಷಯ ಬದಲಾಗುವ ಕಡೆ ಕತ್ತರಿಸಿ ಕಾರ್ಡಿಗೆ ಅಂಟಿಸಬೇಕು. ಕೇಳಿದ ಪ್ರಶ್ನೆಯೂ ಜೊತೆಗೇ ಬರಲಿ; "ಹೌದು, ಅದೇ ಕಾರಣ" ಎಂಬ ಉತ್ತರ ಒಂಟಿಯಾಗಿ ಸಿಕ್ಕರೆ ಯಾವ ಗುಂಪಿಗೂ ಸೇರದು.

ಮುಂದಿನದು ನೆಲದ ಮೇಲೆ ಹರಡುವ ಕೆಲಸ. ಫ್ಯಾನ್ ಆರಿಸಲೇಬೇಕು, ಕೋಲ್ಕತ್ತದ ಸೆಕೆಯಲ್ಲಿ ಅದೇ ಕಷ್ಟ. ಒಂದನ್ನೊಂದು ಹೋಲುವ ಕಾರ್ಡುಗಳನ್ನು ಒಟ್ಟಿಗಿಡುತ್ತ ಹೋಗಬೇಕು, ಗುಂಪಿಗೆ ಹೆಸರಿಡುವುದು ಕೊನೆಗೆ. ನೇಪಾಳದಲ್ಲಿ ಕ್ಷೇತ್ರಕಾರ್ಯ ಮಾಡಿದ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತ ರೂಪಿಸಿದ ಕೆಜೆ ವಿಧಾನದ ತಿರುಳೂ ಇದೇ. "ದೂರುಗಳು" ಎಂಬ ಲಕೋಟೆ ಮೊದಲೇ ಸಿದ್ಧವಿದ್ದರೆ "ಟ್ರಾಂ ತುಂಬ ನಿಧಾನ" ಎಂಬ ಮಾತು ನೇರ ಅದರೊಳಗೆ ಬೀಳುತ್ತದೆ. ಆದರೆ ಅದನ್ನು ಹೇಳಿದ ವೃದ್ಧರೊಬ್ಬರು ಮುಂದಿನ ಸಾಲಿನಲ್ಲೇ "ಅದಕ್ಕೇ ಹತ್ತುತ್ತೇನೆ" ಎಂದಿರಬಹುದು. ಅದನ್ನು "ಹತ್ತಿಳಿಯಲು ಭಯವಿಲ್ಲ", "ಕಿಟಕಿಯಿಂದ ಊರು ಕಾಣುತ್ತದೆ" ಎಂಬ ಕಾರ್ಡುಗಳ ಪಕ್ಕ ಇಟ್ಟಾಗಲಷ್ಟೇ, ನಿಧಾನವನ್ನೇ ಬಯಸುವವರ ಗುಂಪೊಂದು ಕಣ್ಣಿಗೆ ಬೀಳುತ್ತದೆ.

ಎರಡು ಗುಂಪಿಗೆ ಸಲ್ಲುವ ಕಾರ್ಡಿನ ನಕಲು ತೆಗೆದು ಎರಡರಲ್ಲೂ ಇಡಬೇಕು. ಎಲ್ಲಿಯೂ ಸೇರದವನ್ನು ಎಸೆಯದೆ ಪ್ರತ್ಯೇಕ ಲಕೋಟೆಯಲ್ಲಿಡಬೇಕು, ಮೊದಲ ತೀರ್ಮಾನವನ್ನು ಅಲುಗಿಸುವ ಮಾತು ಹಲವು ಸಲ ಅಲ್ಲೇ ಇರುತ್ತದೆ. ಸಹೋದ್ಯೋಗಿಯೊಬ್ಬರಿಗೆ ಶೀರ್ಷಿಕೆ ತೋರಿಸದೆ ಒಂದಷ್ಟು ಕಾರ್ಡುಗಳನ್ನು ಕೊಟ್ಟು ವಿಂಗಡಿಸಲು ಹೇಳಿ, ವ್ಯತ್ಯಾಸ ಬಂದ ಕಡೆ ಚರ್ಚಿಸುವುದು ಒಳ್ಳೆಯದು. ಹೊಸ ಸಂದರ್ಶನದ ಚೀಟಿಗಳೆಲ್ಲ ಇರುವ ಗುಂಪುಗಳಲ್ಲೇ ಕೂರತೊಡಗಿದರೆ ವಿಂಗಡಣೆ ಹದಕ್ಕೆ ಬಂದಂತೆ.

ಆಗ ಪ್ರತಿ ಗುಂಪಿನ ಶೀರ್ಷಿಕೆ, ಅದರ ಸಾರ, ಒಳಗಿರುವ ಕಾರ್ಡುಗಳ ಸಂಖ್ಯೆಗಳನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಮಳೆಗಾಲದ ತೇವಕ್ಕೆ ಇಂಕು ಹರಡುವುದರಿಂದ ಪೆನ್ಸಿಲ್ ಮೇಲು. ಗುಂಡುಸೂಜಿ ತುಕ್ಕು ಹಿಡಿಯುತ್ತದೆ. ಕಟ್ಟುಗಳಿಗೆ ದಾರ ಸುತ್ತಿ, ಲಕೋಟೆಗೆ ಹಾಕಿ, ತಗಡಿನ ಟ್ರಂಕಿನಲ್ಲಿಡಬೇಕು.